ಹೊಸನಗರದ ಕಡೆಯ ನಮ್ಮೂರ ಸರ್ಕಾರಿ ಶಾಲೆ ಸೋರುತ್ತಿದೆ. ರಿಪೇರಿಗೆ ಯಾರನ್ನು ಕೇಳಬೇಕು? ಮಳೆ ರಜೆ ಕೊಡುವುದು ಯಾರು?

ಮೊದಲು ಹೋಗಬೇಕಾದದ್ದು ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಹತ್ತಿರ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು. ಅಂದ್ರೆ ನೀವೇ. ಎಲ್ಲ ಹವಾಮಾನಕ್ಕೂ ತಡೆಯುವ ಕಟ್ಟಡ, ಗಂಡು-ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಕಾಂಪೌಂಡ್ ಅಥವಾ ಬೇಲಿ, ಇವೆಲ್ಲ ಅದೇ ಕಾಯ್ದೆಯ ಪಟ್ಟಿಯಲ್ಲಿವೆ. ಯಾರ ಉಪಕಾರವೂ ಅಲ್ಲ.

ಸುಮ್ನೆ ಬಾಯಿಮಾತಲ್ಲಿ ಹೇಳಿದರೆ ಕೆಲಸ ಆಗುವುದಿಲ್ಲ. ಸಭೆಯಲ್ಲಿ ಠರಾವು ಬರೆಸಿ, ಫೋಟೋ ಲಗತ್ತಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಗ್ರಾಮ ಪಂಚಾಯಿತಿಗೂ ಒಂದು ಪ್ರತಿ ಇರಲಿ. ಇದೆಲ್ಲ ಬೇಸಿಗೆಯಲ್ಲೇ ಆಗಬೇಕು. ಜೂನ್ ಹಿಡಿದ ಮೇಲೆ ಪಾಚಿ ಕಟ್ಟಿದ ಹಂಚಿನ ಮೇಲೆ ಯಾರು ಹತ್ತುತ್ತಾರೆ? ಒಳಗಿನಿಂದ ರೀಪು, ಅಂದ್ರೆ ಹಂಚು ಕೂರಿಸುವ ಮರದ ಪಟ್ಟಿ ನೋಡಿ. ಕಪ್ಪಾಗಿ, ಉಗುರು ಒತ್ತಿದರೆ ಪುಡಿಯಾಗುವಂತಿದ್ದರೆ ಆ ಕೋಣೆಗೆ ಬೀಗ ಹಾಕಿಸಿ. ಮಾಡಿನ ಮೇಲೆ ಬಾಗಿದ ಮರ ಕಡಿಯುವುದಿದ್ದರೆ ಅರಣ್ಯ ಇಲಾಖೆಗೂ ಅರ್ಜಿ ಹಾಕಿ.

ಮಳೆ ರಜೆಯನ್ನು ಸಾಮಾನ್ಯವಾಗಿ ಜಿಲ್ಲಾಧಿಕಾರಿ ಘೋಷಿಸುತ್ತಾರೆ. ಎಷ್ಟೋ ಸಲ ತಾಲ್ಲೂಕು ಮಟ್ಟದಲ್ಲೇ ತೀರ್ಮಾನ ಆಗುತ್ತದೆ. ಅದೇ ಸರಿ ಕೂಡ. ಒಂದೇ ಶಿವಮೊಗ್ಗ ಜಿಲ್ಲೆಯಾದರೂ ಆಗುಂಬೆಯಲ್ಲಿ ಹೊಡೆಯುವ ಮಳೆ ಶಿಕಾರಿಪುರದಲ್ಲಿ ಇರುವುದಿಲ್ಲ ಅಲ್ವಾ.

ಇನ್ನೊಂದು. ನನ್ನ ಪ್ರಕಾರ ಸೋರುವ ಕೋಣೆಗಿಂತ ಜಾಸ್ತಿ ಅಪಾಯ ದಾರಿಯ ಕಾಲುಸಂಕದ್ದು, ಅಂದ್ರೆ ಹಳ್ಳ ದಾಟುವ ಕಿರುಸೇತುವೆಯದ್ದು. ಅದು ಶಾಲೆಯ ಗೇಟಿನ ಹೊರಗಿದೆ ಅಂತ ಬಿಡಬೇಡಿ, ಅದೇ ಠರಾವಿನಲ್ಲಿ ಸೇರಿಸಿ.