‘ಐಸ್ ಹಾಕಿಯ ಅಮರ ಚಿತ್ರಗಳು’: ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಹತ್ತು ಛಾಯಾಚಿತ್ರಗಳನ್ನು ಆರಿಸಿ ಒಂದೊಂದಕ್ಕೂ ಒಂದು ಪ್ಯಾರಾ ಕೊಟ್ಟಿದ್ದೀರಿ. ಆದರೆ ಅವುಗಳಲ್ಲಿ ಪಂದ್ಯದ ತಾರೀಖು, ಗೋಲುಗಳ ಲೆಕ್ಕ, ಗೆದ್ದ ತಂಡದ ಹೆಸರು ಇವೆಯೇ ಹೊರತು ಚಿತ್ರವೇ ಇಲ್ಲ. ‘ಅವಿಸ್ಮರಣೀಯ’ ಎಂಬ ವಿಶೇಷಣ ಎಲ್ಲ ಕಡೆಯೂ ಬಂದಿದೆ, ಏಕೆ ಎಂಬುದು ಎಲ್ಲಿಯೂ ಬಂದಿಲ್ಲ.

ಬಾಸ್ಟನ್ ತಂಡದ ಆಟಗಾರ ಬಾಬಿ ಓರ್ ಅವರ ಚಿತ್ರವನ್ನೇ ನೋಡಿ. ‘ಗಾಳಿಯಲ್ಲಿ ಹಾರಿ ಗೋಲು ಹೊಡೆದ ಕ್ಷಣ’ ಎಂದಿದ್ದೀರಿ, ಅದು ತಪ್ಪು. 1970ರ ಮೇ 10ರಂದು ಬಾಸ್ಟನ್ ಗಾರ್ಡನ್‌ನಲ್ಲಿ, ಹೆಚ್ಚುವರಿ ಅವಧಿ ಶುರುವಾಗಿ 40 ಸೆಕೆಂಡು ಆಗಿದ್ದಾಗ, ಡೆರೆಕ್ ಸ್ಯಾಂಡರ್ಸನ್ ಕೊಟ್ಟ ಪಾಸನ್ನು ಓರ್ ಗೋಲಿನೊಳಕ್ಕೆ ತಳ್ಳಿದರು. ಆ ಬೆನ್ನಿಗೇ ಸೇಂಟ್ ಲೂಯಿಸ್ ಬ್ಲೂಸ್ ತಂಡದ ನೋಯೆಲ್ ಪಿಕಾರ್ ತಮ್ಮ ಸ್ಟಿಕ್ಕಿನಿಂದ ಅವರ ಕಾಲನ್ನು ಎತ್ತಿಬಿಟ್ಟರು. ಹಾಗಾಗಿ ಚಿತ್ರದಲ್ಲಿ ಮಂಜುಗಡ್ಡೆಯ ಅಂಕಣಕ್ಕೆ ಸಮಾನಾಂತರವಾಗಿ, ತೋಳು ಚಾಚಿ, ಬಾಯ್ತೆರೆದು ತೇಲುತ್ತಿರುವವರು ವಾಸ್ತವದಲ್ಲಿ ಬೀಳುತ್ತಿದ್ದಾರೆ. ಹೆಚ್ಚುವರಿ ಅವಧಿಯಲ್ಲಿ ಮೊದಲ ಗೋಲಿಗೇ ಆಟ ಮುಗಿಯುತ್ತದೆ. ಬಾಸ್ಟನ್ 29 ವರ್ಷಗಳ ಮೇಲೆ ಉತ್ತರ ಅಮೆರಿಕದ ಐಸ್ ಹಾಕಿಯ ಅತಿ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಾಗಿದೆ. ಇದನ್ನು ನೀವು ಹೇಳದಿದ್ದರೆ, ಬೀಳುತ್ತಿರುವವರು ಹಿಗ್ಗುವುದೇಕೆಂದು ಈ ಆಟವನ್ನು ನೋಡಿಯೇ ಇರದ ನಮ್ಮ ಓದುಗರಿಗೆ ಹೇಗೆ ತಿಳಿಯಬೇಕು?

ಚಿತ್ರ ತೆಗೆದ ರೇ ಲೂಸಿಯರ್ ಅವರ ಹೆಸರೂ ನಿಮ್ಮಲ್ಲಿಲ್ಲ. ಬಾಸ್ಟನ್ ತಂಡ ದಾಳಿ ಮಾಡಲಿದ್ದ ತುದಿಗೆ ಅವರು ಜಾಗ ಬದಲಿಸಿ, ಬೇರೊಬ್ಬ ಛಾಯಾಗ್ರಾಹಕ ಎದ್ದುಹೋಗಿ ಖಾಲಿಯಾಗಿದ್ದ ಸ್ಟೂಲಿನ ಮೇಲೆ ಕುಳಿತಿದ್ದರು. ಇಂಥ ವಿವರ ಬಿಟ್ಟು ಓರ್ ಅವರ ಪ್ರಶಸ್ತಿಗಳ ಪಟ್ಟಿಗೆ ಅರ್ಧ ಪುಟ ಕೊಟ್ಟಿದ್ದೀರಲ್ಲ ಎಂದು ನನಗೆ ಬೇಸರವಾಯಿತು.

1952ರ ಏಪ್ರಿಲ್ 8ರ ಮಾಂಟ್ರಿಯಲ್ ಚಿತ್ರದಲ್ಲಂತೂ ಗೋಲೇ ಇಲ್ಲ. ಪಂದ್ಯದ ನಡುವೆ ಪ್ರಜ್ಞೆ ತಪ್ಪಿ, ಹೊಲಿಗೆ ಹಾಕಿಸಿಕೊಂಡು ಮರಳಿ ಬಂದು ಗೆಲುವಿನ ಗೋಲು ಹೊಡೆದ ಮಾಂಟ್ರಿಯಲ್ ತಂಡದ ಮೊರೀಸ್ ರಿಶಾರ್ ಅವರ ಹುಬ್ಬಿನ ಮೇಲೆ ಪಟ್ಟಿಯಿದೆ, ಮುಖದ ಮೇಲೆ ರಕ್ತ ಇಳಿದಿದೆ. ಬಾಸ್ಟನ್ನಿನ ಗೋಲ್‌ಕೀಪರ್ ಜಿಮ್ ಹೆನ್ರಿ, ಕಣ್ಣಿನ ಸುತ್ತ ಕಪ್ಪುಗಟ್ಟಿದ ಮುಖದಲ್ಲಿ, ಬಾಗಿ ಅವರ ಕೈ ಕುಲುಕುತ್ತಿದ್ದಾರೆ. ರೋಜೆ ಸೇಂ-ಜಾನ್ ತೆಗೆದ ಈ ಚಿತ್ರಕ್ಕೆ ನೀವು ಕೊಟ್ಟಿರುವುದು ಎರಡೇ ಸಾಲು, ಅದರಲ್ಲೊಂದು ‘ಕ್ರೀಡಾಮನೋಭಾವಕ್ಕೆ ಸಾಕ್ಷಿ’ ಎಂಬ ತೀರ್ಪು. ತೀರ್ಪನ್ನು ಹೊಡೆದುಹಾಕಿ, ಆ ಎರಡು ಮುಖಗಳನ್ನು ಬರೆಯಿರಿ.

ಮಾಸ್ಕೋದಲ್ಲಿ 1972ರ ಸೆಪ್ಟೆಂಬರ್ 28ರಂದು, ಸೋವಿಯತ್ ತಂಡದ ಎದುರಿನ ಸರಣಿಯ ಕೊನೆಯ ಪಂದ್ಯ ಮುಗಿಯಲು 34 ಸೆಕೆಂಡು ಇದ್ದಾಗ ಗೆಲುವಿನ ಗೋಲು ಹೊಡೆದ ಕೆನಡಾದ ಪಾಲ್ ಹೆಂಡರ್ಸನ್ ಅವರನ್ನು ಸಹ ಆಟಗಾರ ಇವಾನ್ ಕುರ್ನ್ವಾಯೆ ಅಪ್ಪಿಕೊಂಡ ಕ್ಷಣವನ್ನು ಫ್ರಾಂಕ್ ಲೆನನ್ ಸೆರೆಹಿಡಿದರು ಎಂಬ ನಿಮ್ಮ ಮಾತು ಸರಿಯೇ. ಇನ್ನೊಬ್ಬ ಛಾಯಾಗ್ರಾಹಕ ಡೆನಿಸ್ ಬ್ರೋಡರ್ ಕೂಡ ಅದೇ ಅಪ್ಪುಗೆಯನ್ನು ಹೆಚ್ಚುಕಡಿಮೆ ಹಾಗೆಯೇ ತೆಗೆದಿದ್ದಾರೆ, ಅದನ್ನೂ ಸೇರಿಸಿ.

ಈ ಮೂರನ್ನು ಉಳಿಸಿಕೊಂಡು ಮಿಕ್ಕ ಏಳನ್ನು ಬಿಟ್ಟುಬಿಡಿ. ಅಂತರ್ಜಾಲದಿಂದ ಇಳಿಸಿ ಕಳಿಸಿರುವ ಚಿತ್ರಗಳನ್ನು ಹಕ್ಕುದಾರರ ಒಪ್ಪಿಗೆಯಿಲ್ಲದೆ ನಾವು ಅಚ್ಚು ಹಾಕುವಂತಿಲ್ಲ, ಒಪ್ಪಿಗೆಗೆ ತೆರುವಷ್ಟು ಹಣವೂ ಪತ್ರಿಕೆಯಲ್ಲಿಲ್ಲ. ಆದ್ದರಿಂದ ಪುಟದಲ್ಲಿ ಒಂದು ಚಿತ್ರವೂ ಇರುವುದಿಲ್ಲವೆಂದು ತಿಳಿದೇ ತಿದ್ದಿ ಬರೆದು ಕಳಿಸಿ.

ಇಂತಿ,
ಸಂಪಾದಕ