ಓದುಗರು ಕೇಳ್ಯಾರ: ಸಾಲ ಮಾಡಿದ್ರ ಅದು ದುರಾಸೆ ಏನ್ರಿ?

ಪ್ರಶ್ನೆ: ನಾವು ಬೀದರ್ ಜಿಲ್ಲಾದ ಹುಮನಾಬಾದ್ ಕಡ್ಯಾವ್ರು, ಮೆಥೋಡಿಸ್ಟ್ ಸಭಾದಾಗ ಇದ್ದೀವಿ. ಹೋದ ಐತವಾರ ಪಾಸ್ಟರ್ ಅವರು ಜಗತ್ತಿನ ಆರ್ಥಿಕ ಬಿಕ್ಕಟ್ಟಿಗೆಲ್ಲ ಮನುಷ್ಯಾನ ದುರಾಸೆನೇ ಕಾರಣ, ಸಾಲ ಮಾಡೋದು ಬಿಡ್ರಿ ಅಂತ ಪ್ರಸಂಗ ಮಾಡಿದ್ರು. ನಾನು ಮೂರು ಸಂಘದ ಸಾಲ ತಗೊಂಡೀನಿ, ಒಂದು ಬೀಜ ಗೊಬ್ಬರಕ್ಕ, ಒಂದು ಅತ್ತಿ ದವಾಖಾನಿಗೆ, ಮೂರನೇದು ಮೊದಲಿನ ಎರಡರ ಕಂತು ಕಟ್ಟಲಿಕ್ಕ. ನಂದೂ ದುರಾಸೆ ಏನ್ರಿ?
— ಹೆಸರು ಹಾಕಬ್ಯಾಡ್ರಿ ಅಂದ ಅಕ್ಕಾರು

ಉತ್ತರ: ಅಕ್ಕಾರೆ, ಅತ್ತಿ ದವಾಖಾನಿಗೆ ಸಾಲ ಮಾಡಿದ್ದಕ್ಕ ದುರಾಸೆ ಅನ್ನೋರು ಯಾವ ಬೈಬಲ್ ಓದ್ಯಾರೋ ನನಗಂತೂ ತಿಳೀವಲ್ದು. ಪಾಸ್ಟರ್ ಹೇಳಿದ್ದು ಅರ್ಧ ಖರೆ ಅದ, ಹಣದಾಸೆ ಎಲ್ಲಾ ಥರ ಕೆಟ್ಟತನಕ್ಕ ಮೂಲ ಅಂತ ಪೌಲ ತಿಮೊಥೆಯಗ ಬರ್ದಾನ, ಕೊಲೊಸ್ಸೆ ಪತ್ರದಾಗ ಲೋಭಾನ ಸೀದಾ ವಿಗ್ರಹಾರಾಧನೆ ಅಂದುಬಿಟ್ಟಾನ. ಆದ್ರ ಬಡವರ ಸಾಲದ ಮಾತು ಬಂದಲ್ಲಿ ಬೈಬಲ್ ಬೈಯೋದು ಬಹಳ ಮಾಡಿ ಕೊಟ್ಟವರಿಗೆ. ಬಡವ್ರಿಗೆ ಕೊಟ್ಟ ಸಾಲಕ್ಕ ಬಡ್ಡಿ ತಗೋಬ್ಯಾಡ್ರಿ, ಅಡ ಇಟ್ಕೊಂಡ ಹೊದಿಕಿ ಹೊತ್ತು ಮುಳುಗೋದ್ರಾಗ ವಾಪಸ್ ಕೊಡ್ರಿ ಅಂತ ವಿಮೋಚನಕಾಂಡ 22ರಾಗ ಅದ. ಬೀಸೋಕಲ್ಲು ಅಂತೂ ಅಡ ಇಟ್ಕೊಳ್ಳಲೇಬಾರ್ದು ಅಂತ ಧರ್ಮೋಪದೇಶಕಾಂಡ 24, ಅದು ತಗೊಂಡ್ರ ಆ ಮನಿ ಜೀವಾನೇ ತಗೊಂಡಂಗ. (ಕಂತು ತಪ್ತು ಅಂತ ಮನಿ ಸಾಮಾನು ಎತ್ಕೊಂಡು ಹೋಗೋ ರಿಕವರಿ ಮಂದಿಗೆ ಈ ವಚನ ಯಾರಾದ್ರೂ ಓದಿ ಹೇಳ್ರಪ್ಪ.)

ನೆಹೆಮೀಯ 5ನೇ ಅಧ್ಯಾಯ ಪುರಸತ್ತಾದಾಗ ಕೂತು ಓದ್ರಿ, ನಮ್ಮ ಜಿಲ್ಲಾದ ಸುದ್ದಿನೇ ಅನ್ನಿಸ್ತದ. ಬರಗಾಲ ಬಿದ್ದದ, ರಾಜಾನ ಕಂದಾಯಕ್ಕ ಸಾಲ ಮಾಡ್ಯಾರ, ಹೊಲ, ದ್ರಾಕ್ಷಿತೋಟ, ಮನಿ ಎಲ್ಲಾ ಅಡ ಹೋಗ್ಯಾವ, ಕಡೀಕ ಮಕ್ಕಳನ್ನೇ ಜೀತಕ್ಕ ಬಿಡ್ಲಿಕತ್ಯಾರ, ಸಾಲ ಕೊಟ್ಟವರು ನೋಡಿದ್ರ ತಮ್ಮವರೇ. ಅಲ್ಲಿನ ಅಧಿಪತಿ ನೆಹೆಮೀಯ ಶ್ರೀಮಂತರನ್ನ, ಅಧಿಕಾರಿಗಳನ್ನ ಮಂದಿ ಎದುರು ನಿಲ್ಲಿಸಿ ಬೈದ, ಹೊಲ ಇವತ್ತೇ ತಿರುಗಿ ಕೊಡ್ರಿ, ನೂರಕ್ಕ ಒಂದರಂಗ ತಗೊಳ್ಳೋ ಬಡ್ಡಿನೂ ಬಿಡ್ರಿ ಅಂದ. ಅದು ತಿಂಗಳಿಗೆ ನೂರಕ್ಕ ಒಂದು ಅಂತ ಅರ್ಥ ಮಾಡಿದವರು ಭಾಳ ಮಂದಿ. ನಮ್ಮ ಕಡಿ ಕೈಸಾಲ ನೂರಕ್ಕ ಮೂರು ನಡೀತದ, ಲೆಕ್ಕ ನೀವೇ ಹಾಕ್ರಿ.

ಇನ್ನ ಜಗತ್ತಿನ ಬಿಕ್ಕಟ್ಟು. 2008ಕ್ಕಿಂತ ಮೊದಲು ಅಮೆರಿಕಾದಾಗ ಗಳಿಕಿ ಎಷ್ಟದ ಅಂತ ಸರಿಯಾಗಿ ನೋಡ್ದೇ ಮನಿ ಸಾಲ ಕೊಟ್ಟಿದ್ರು, ಕೊಟ್ಟ ಸಾಲ ಗಂಟು ಕಟ್ಟಿ ಬ್ಯಾರೆಯವರಿಗೆ ಮಾರಿದ್ರು, ಸಾಲ ಎಷ್ಟು ಭದ್ರ ಅಂತ ಅಳಿಯೋ ರೇಟಿಂಗ್ ಕಂಪನಿಗಳು ಆ ಗಂಟಿಗೆ ಟ್ರಿಪಲ್ ಎ, ಅಂದ್ರ ಎಲ್ಲಕ್ಕಿಂತ ಭದ್ರ ಅಂತ ಸರ್ಟಿಫಿಕೇಟ್ ಕೊಟ್ವು, ಸಾಲ ಮುಳುಗಿದ್ರ ಕೊಟ್ಟಾವಗ ಚಿಂತಿ ಇಲ್ಲ ಯಾಕಂದ್ರ ಅವನ ಕಮಿಷನ್ ಅವಗ ಮುಟ್ಯದ. 2008ರ ಸೆಪ್ಟೆಂಬರ್ 15ಕ್ಕ 158 ವರ್ಷದ ಲೇಮನ್ ಬ್ರದರ್ಸ್ ಅನ್ನೋ ದೊಡ್ಡ ಬ್ಯಾಂಕ್ ದಿವಾಳಿ ಆಯ್ತು, ಬ್ಯಾಂಕ್ ಉಳಿಸಲಿಕ್ಕ ಅಲ್ಲಿ ಸರ್ಕಾರ 700 ಬಿಲಿಯನ್ ಡಾಲರ್ ತನಕ ಮಂಜೂರು ಮಾಡ್ತು, ಮನಿ ಕಳ್ಕೊಂಡವ್ರ ಕಡಿ ಅಷ್ಟು ಲಗೂನ ಯಾರೂ ಓಡಿ ಬರಲಿಲ್ಲ. ಅಷ್ಟು ದೂರ ಯಾಕ, ನಮ್ಮ ಗಂಜ್ ನೋಡ್ರಿ. 2015ರಾಗ ತೊಗರಿ ಬ್ಯಾಳಿ ಕೆಜಿಗೆ 200 ರೂಪಾಯಿ ಮುಟ್ಟಿತ್ತು, ಮುಂದಿನ ಸಲ ಬೆಳಿ ಭಾಳ ಬಂದು ರೈತಗ ಕ್ವಿಂಟಲ್‌ಗೆ 5050ರ ಬೆಂಬಲ ಬೆಲೆನೂ ಪ್ಯಾಟ್ಯಾಗ ಸಿಗಲಿಲ್ಲ. ಧಾನ್ಯ ಬಿಗಿ ಹಿಡಿದವಗ ಮಂದಿ ಶಾಪ ಹಾಕ್ತಾರ ಅಂತ ಜ್ಞಾನೋಕ್ತಿ 11ರಾಗ ಅದ, ಆ ವಚನದ ಮ್ಯಾಲ ಒಂದು ಪ್ರಸಂಗ ಆಗ್ಲಿ ಅಂತ ನಿಮ್ಮ ಪಾಸ್ಟರ್‌ಗೆ ಕೇಳಿ ನೋಡ್ರಿ.

ಮೆಥೋಡಿಸ್ಟ್ ಅಂದ್ರಲ್ಲ, ನಿಮ್ಮ ಮೆಥೋಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿ ಅವರು ಆದಷ್ಟು ಗಳಿಸ್ರಿ, ಆದಷ್ಟು ಉಳಿಸ್ರಿ, ಆದಷ್ಟು ಕೊಡ್ರಿ ಅಂದಿದ್ದು ನಿಮಗ ಗೊತ್ತೇ ಇರ್ತದ. 1760ರಾಗ ಅಚ್ಚಾದ ಅದೇ ಪ್ರಸಂಗದಾಗ ನೆರೆಯವನ ಆಸ್ತಿಗೆ ನಷ್ಟ ಮಾಡಿ ಗಳಿಸಬ್ಯಾಡ್ರಿ, ಅಡ ಅಂಗಡಿ ಧಂದೆನೇ ಬ್ಯಾಡ ಅಂದಾರ. ಆ ಭಾಗ ಯಾಕೋ ಯಾರ ಬಾಯಾಗೂ ಬರಂಗಿಲ್ಲ.

ಮತ್ತ ಫೆಬ್ರುವರಿ 2025ರಾಗ ರಾಜ್ಯ ಸರ್ಕಾರ ಮೈಕ್ರೋ ಫೈನಾನ್ಸ್ ಕಿರುಕುಳದ ಮ್ಯಾಲ ಸುಗ್ರೀವಾಜ್ಞೆ ತಂತು, ದಬ್ಬಾಳಿಕಿ ವಸೂಲಿಗೆ 10 ವರ್ಷ ತನಕ ಜೈಲು, 5 ಲಕ್ಷ ತನಕ ದಂಡ. ಮನಿ ಬಾಗಿಲಿಗೆ ಬಂದು ಹೆದರಿಸಿದ್ರ ಠಾಣಾಕ್ಕ ಹೋಗ್ರಿ. ನಾಲ್ಕನೇ ಸಾಲ ಮಾತ್ರ ಬ್ಯಾಡ.

ಪ್ರಶ್ನೆ: ಹಂಗಾದ್ರ ನಮ್ಮಪ್ಪಾಜಿ ಪಿಂಚಣಿ ರೊಕ್ಕ ಎಫ್‌ಡಿ ಇಟ್ಟು ಬಡ್ಡಿ ತಗೊಳ್ಳೋದೂ ಪಾಪಾ?
— ಕಲಬುರಗಿ ಓದುಗರು

ಉತ್ತರ: ಇಲ್ರಿ. ಹಿಂದ ಸಭೆ ಭಾಳ ಕಟ್ಟುನಿಟ್ಟು ಇತ್ತು, 1179ರಾಗ ರೋಮ್‌ನಾಗ ಕೂಡಿದ ಲ್ಯಾಟೆರನ್ ಮಹಾಸಭೆ ಬಡ್ಡಿ ಧಂದೆಯವ್ರಿಗೆ ಕ್ರೈಸ್ತ ರೀತಿಲಿ ಮಣ್ಣೂ ಕೊಡಬ್ಯಾಡ್ರಿ ಅಂದಿತ್ತು. ಆಮ್ಯಾಲ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಬಂದು ಬಡವನ ಸಾಲ ಬ್ಯಾರೆ, ವ್ಯಾಪಾರದ ಸಾಲ ಬ್ಯಾರೆ ಅಂದ. ಯೇಸು ಹೇಳಿದ ತಲಾಂತಿನ ಸಾಮ್ಯದಾಗ (ಆಳುಗಳಿಗೆ ರೊಕ್ಕ ವಹಿಸಿ ಊರಿಗೆ ಹೋದ ಯಜಮಾನನ ಕಥಿ) ಯಜಮಾನ ನನ್ನ ರೊಕ್ಕ ಸಾಹುಕಾರರ ಹತ್ರ ಇಟ್ಟಿದ್ರ ಬಡ್ಡಿನಾದ್ರೂ ಬರ್ತಿತ್ತಲ್ಲ ಅಂತ ಕೇಳ್ತಾನ. ಅಪ್ಪಾಜಿಗೆ ಆರಾಮ ಇರ್ರಿ ಅಂತ ಹೇಳ್ರಿ.

ಪ್ರಶ್ನೆ: ನಮ್ಮ ಸಭಾದವರೇ ಒಬ್ಬರು 100 ದಿನದಾಗ ರೊಕ್ಕ ಡಬಲ್ ಆಗೋ ಸ್ಕೀಮ್ ತಂದಾರ. ಪ್ರಾರ್ಥನೆ ಮಾಡಿ ಹಾಕ್ಲಾ?
— ಯಾದಗಿರಿ ಓದುಗರು

ಉತ್ತರ: ಪ್ರಾರ್ಥನೆ ಮಾಡ್ರಿ, ರೊಕ್ಕ ಹಾಕಬ್ಯಾಡ್ರಿ. ಆ ಪಾಸ್ಟರ್ ಪ್ರಸಂಗ ಇಲ್ಲಿ ಮಾತ್ರ ಸರಿಯಾಗಿ ಲಾಗೂ ಆಗ್ತದ, ಯಾಕಂದ್ರ ಆಮ್ಯಾಲ ಸೇರಿದವರ ರೊಕ್ಕ ಮೊದಲು ಹಾಕಿದವರಿಗೆ ಹಂಚಿದಾಗ್ಲೇ ಇಂಥ ಡಬಲ್ ಆಗೋದು, ಕಡೀಕ ಸಿಕ್ಕೊಳ್ಳೋರು ಕೂಲಿ ರೊಕ್ಕ ತಂದು ಹಾಕಿದ ಹೆಣ್ಮಕ್ಕಳು. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಪ್ರಕಾರ ಇಂಥಾದ್ದು ನಡಸೋದೇ ಅಪರಾಧ, ನಡಸೋರು ಸಭಾದವರಿರಲಿ ಬಿಡ್ಲಿ. ಆಗ್ಲೇ ಹಾಕಿದವರಿದ್ರ ರಸೀದಿ, ಫೋನ್‌ಪೇ ಸ್ಕ್ರೀನ್‌ಶಾಟ್, ವಾಟ್ಸಾಪ್ ಮೆಸೇಜ್ ಅಳಸಬ್ಯಾಡ್ರಿ ಅಂತ ಹೇಳ್ರಿ, ಠಾಣಾದಾಗ ಮೊದಲು ಕೇಳೋದು ಅವನ್ನೇ.