ಹುಡುಕುಪದ ಸರಿ, ಬ್ರಾಕೆಟ್ ಎಲ್ಲಿ?

ಪ್ರಶ್ನೆ: ಮಕ್ಕಳ ಆಸ್ತಮಾ ಮತ್ತು ಅಲರ್ಜಿ ಬಗ್ಗೆ ವೈದ್ಯಕೀಯ ಪ್ರಬಂಧಗಳ ಹುಡುಕುತಾಣವಾದ ಪಬ್‌ಮೆಡ್‌ನಲ್ಲಿ ‘ಚಿಲ್ಡ್ರನ್ ಆ್ಯಂಡ್ ಆಸ್ತಮಾ ಆರ್ ಅಲರ್ಜಿ’ ಎಂದು ಹುಡುಕಿದೆ. ದೊಡ್ಡವರ ಅಲರ್ಜಿಯ ಪ್ರಬಂಧಗಳೇ ರಾಶಿ ಬಿದ್ದವು. ಯಾಕೆ?

ಉತ್ತರ: ಪಬ್‌ಮೆಡ್ ಎಡದಿಂದ ಬಲಕ್ಕೆ ಓದುತ್ತಾ ಹೋಗುತ್ತದೆ. ಲೆಕ್ಕದಲ್ಲಿ ಗುಣಾಕಾರ ಮೊದಲು, ಕೂಡುವುದು ಆಮೇಲೆ ಎನ್ನುವಂಥ ಆದ್ಯತೆ ಅದಕ್ಕಿಲ್ಲ. ಹಾಗಾಗಿ ಮೊದಲು ಮಕ್ಕಳ ಆಸ್ತಮಾ ಹುಡುಕಿ, ಅದಕ್ಕೆ ಅಲರ್ಜಿಯ ಎಲ್ಲ ಪ್ರಬಂಧಗಳನ್ನೂ ಸುರಿದಿದೆ. ‘ಚಿಲ್ಡ್ರನ್ ಆ್ಯಂಡ್ (ಆಸ್ತಮಾ ಆರ್ ಅಲರ್ಜಿ)’ ಎಂದು ಬ್ರಾಕೆಟ್ ಹಾಕಿ. ಟೈಪಿಸುವುದು ಇಂಗ್ಲಿಷ್‌ನಲ್ಲಿ, ಆ್ಯಂಡ್ (ಎರಡೂ ಬೇಕು), ಆರ್ (ಯಾವುದಾದರೂ ಸಾಕು), ನಾಟ್ (ಇದು ಬೇಡ) ಮೂರೂ ದೊಡ್ಡಕ್ಷರದಲ್ಲಿರಲಿ. ‘ಆಸ್ತಮಾ ಆರ್ ಅಲರ್ಜಿ ಆ್ಯಂಡ್ ಚಿಲ್ಡ್ರನ್’ ಎಂದು ತಿರುವಿ ಬರೆದರೆ ಬ್ರಾಕೆಟ್ ಇಲ್ಲದೆಯೂ ಇಲ್ಲಿ ಕೆಲಸ ನಡೆದುಹೋಗುತ್ತದೆ. ಅದನ್ನೇ ಇನ್ನೊಂದು ಹುಡುಕುತಾಣವಾದ ವೆಬ್ ಆಫ್ ಸೈನ್ಸ್‌ಗೆ ಒಯ್ದರೆ ಕೆಡುತ್ತದೆ, ಅಲ್ಲಿ ‘ಆರ್’ಗಿಂತ ‘ಆ್ಯಂಡ್’ ಮೊದಲು.

ಅನುಮಾನ ಬಂದಾಗ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ, ಹಿಸ್ಟರಿಯಲ್ಲಿ ಆ ಹುಡುಕಾಟದ ‘ಡೀಟೇಲ್ಸ್’ ಬಿಚ್ಚಿ ನೋಡಿ. ನೀವು ಕೊಟ್ಟ ಸಾಲನ್ನು ಅದು ಹೇಗೆ ಅರ್ಥ ಮಾಡಿಕೊಂಡಿತು ಎಂಬುದು ಬ್ರಾಕೆಟ್ ಸಮೇತ ಅಲ್ಲಿರುತ್ತದೆ.

ಪ್ರಶ್ನೆ: ಪ್ರಾಣಿಗಳ ಮೇಲಿನ ಪ್ರಯೋಗ ಬೇಡವೆಂದು ‘ನಾಟ್ ಅನಿಮಲ್ಸ್[ಎಂಎಚ್]’ ಸೇರಿಸಿದೆ. ಮನುಷ್ಯರ ಅಧ್ಯಯನಗಳೂ ಮಾಯವಾದವು!

ಉತ್ತರ: ಆಗಲೇಬೇಕು. ‘ಎಂಎಚ್’ ಎಂದರೆ ಮೆಶ್, ಅಂದರೆ ಪ್ರಬಂಧಗಳಿಗೆ ಅಂಟಿಸುವ ವಿಷಯಪದಗಳ ಪಟ್ಟಿ. ಆ ಪಟ್ಟಿಯ ಮರದಲ್ಲಿ ಮನುಷ್ಯನೂ ಪ್ರಾಣಿಗಳ ಕೊಂಬೆಯಲ್ಲೇ ಕೂತಿದ್ದಾನೆ (ಸರಿಯಾಗಿಯೇ ಇದೆ ಅನ್ನಿ). ಮೇಲಿನ ಪದ ತೆಗೆದರೆ ಕೆಳಗಿನವೂ ಹೋಗುತ್ತವೆ. ಎರಡು ‘ನಾಟ್’ ಬಳಸಿ: ‘ನಾಟ್ (ಅನಿಮಲ್ಸ್[ಎಂಎಚ್] ನಾಟ್ ಹ್ಯೂಮನ್ಸ್[ಎಂಎಚ್])’. ಆಗ ಬರೀ ಪ್ರಾಣಿಗಳದ್ದು ಮಾತ್ರ ಹೋಗುತ್ತದೆ. ನೇರವಾಗಿ ‘ಆ್ಯಂಡ್ ಹ್ಯೂಮನ್ಸ್[ಎಂಎಚ್]’ ಎಂದರೆ ಸಾಲದೇ ಎನಿಸಬಹುದು. ಸಾಲದು. ಹೊಸದಾಗಿ ಸೇರಿದ, ಇನ್ನೂ ಮೆಶ್ ಪದ ಅಂಟಿಸದ ಪ್ರಬಂಧಗಳು ಅದರಿಂದ ತಪ್ಪಿಹೋಗುತ್ತವೆ.

ಪ್ರಶ್ನೆ: ಪದದ ಕೊನೆಗೆ ನಕ್ಷತ್ರ (*) ಹಾಕುವುದು ಒಳ್ಳೆಯದೇ?

ಉತ್ತರ: ಮಿತವಾಗಿ. ನಕ್ಷತ್ರ ಹಾಕಿದರೆ ಅದರ ಹಿಂದಿನ ಅಕ್ಷರಗಳಿಂದ ಶುರುವಾಗುವ ಪದಗಳನ್ನೆಲ್ಲ ಹುಡುಕುತ್ತದೆ. ಅದಕ್ಕೆ ಮೊದಲು ಕನಿಷ್ಠ ನಾಲ್ಕು ಅಕ್ಷರ ಇರಬೇಕು. ‘ಜೀನ್’ನ ನಾಲ್ಕು ಇಂಗ್ಲಿಷ್ ಅಕ್ಷರಗಳಿಗೆ ನಕ್ಷತ್ರ ಅಂಟಿಸಿದರೆ ಜೆನೆಟಿಕ್ಸ್ ಜೊತೆ ಜನರಲ್, ಜನರೇಷನ್ ಎಲ್ಲ ನುಗ್ಗುತ್ತವೆ. ಇನ್ನೊಂದು ನಷ್ಟ ಕಣ್ಣಿಗೆ ಬೀಳದ್ದು: ‘ಹಾರ್ಟ್ ಅಟ್ಯಾಕ್’ ಎಂದು ಸುಮ್ಮನೆ ಕೊಟ್ಟರೆ ಪಬ್‌ಮೆಡ್ ತಾನೇ ಅದರ ವೈದ್ಯಕೀಯ ಹೆಸರಾದ ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಕೂಡ ಹುಡುಕುತ್ತದೆ. ನಕ್ಷತ್ರವನ್ನೋ ಉದ್ಧರಣ ಚಿಹ್ನೆಯನ್ನೋ ಹಾಕಿದಿರೋ, ಆ ಪದಕ್ಕೆ ಈ ಉಪಕಾರ ನಿಲ್ಲುತ್ತದೆ. ಪರ್ಯಾಯ ಪದಗಳನ್ನು ‘ಆರ್’ ಹಾಕಿ ನೀವೇ ಜೋಡಿಸಬೇಕು.